ಎತ್ತಿಗೆ ಸೋಮವಾರ, ನಮಗೆ ಯಾವ ವಾರ?

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ. ಭಾಷಣಕಾರರು 2005ರ ಎಸ್.ಎಸ್.ಎಲ್.ಸಿ. ತಂಡದವರು, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)



ಸಮಿತಿಯವರು ಫೋನ್ ಮಾಡಿ, "ನೀನು ಸಾಫ್ಟ್‌ವೇರಿನವನು, ಕೃತಕ ಬುದ್ಧಿಮತ್ತೆ ಬಗ್ಗೆ ಮಾತಾಡು" ಎಂದರು. ಅದರ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ವಾರದ ಬಗ್ಗೆ ಮಾತಾಡುತ್ತೇನೆ ಎಂದೆ. "ಯಾವ ವಾರ, ಸೋಮವಾರವೋ ಶನಿವಾರವೋ" ಎಂದು ಕೇಳಿದರು. ಎರಡೂ ಬರುತ್ತವೆ.

ಸೋಮವಾರದಿಂದಲೇ ಶುರು ಮಾಡುತ್ತೇನೆ. ಇಲ್ಲಿ ಕೂತಿರುವ ಹಿರಿಯರಿಗೆ ಇದನ್ನು ಹೇಳಬೇಕಾಗಿಲ್ಲ, ಮಕ್ಕಳಿಗಾಗಿ ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಅದು ಬಸವಣ್ಣನ ವಾರ. ಮಳೆ ಬಿದ್ದು ಹದ ಬಂದಿದ್ದರೂ, ಪಕ್ಕದ ಹೊಲದವನು ಭಾನುವಾರವೇ ಬಿತ್ತಿ ಮುಗಿಸಿದ್ದರೂ, ಸೋಮವಾರ ಆರು ಕಟ್ಟುವಂತಿರಲಿಲ್ಲ. ನಮ್ಮ ತಾತ ಅವತ್ತು ಎತ್ತುಗಳನ್ನು ಕೆರೆಗೆ ಹೊಡೆದುಕೊಂಡು ಹೋಗಿ ಮೈ ಉಜ್ಜಿ, ಹಣೆಗೆ ಕುಂಕುಮವಿಟ್ಟು ಮೇಯಲು ಬಿಡುತ್ತಿದ್ದರಂತೆ. ಅವರಿಗೆ ಮಾತ್ರ ಅವತ್ತೂ ಬಿಡುವಿರಲಿಲ್ಲ. ಬೇಲಿ ಕಟ್ಟುವುದು, ಗರಿ ಎಳೆದು ಹಾಕುವುದು, ಕಾಯಿ ಎಣಿಸುವುದು ಇದ್ದೇ ಇರುತ್ತಿತ್ತು. ಅಂದರೆ ವಾರಕ್ಕೊಂದು ರಜೆ ಎನ್ನುವುದು ನಮ್ಮೂರಿಗೆ ಗೊತ್ತಿಲ್ಲದ ಸಂಗತಿ ಏನಲ್ಲ. ಎತ್ತಿಗೆ ಇತ್ತು, ಮನುಷ್ಯನಿಗೆ ಇರಲಿಲ್ಲ, ಅಷ್ಟೆ. ಈಗ ಟ್ರ್ಯಾಕ್ಟರ್ ಬಂದಿದೆ. ಟ್ರ್ಯಾಕ್ಟರಿಗೆ ಸೋಮವಾರವಿಲ್ಲ, ಅದನ್ನು ಓಡಿಸುವ ಹುಡುಗನಿಗೂ ಇಲ್ಲ.

ಮನುಷ್ಯನಿಗೆ ವಾರದ ರಜೆ ಯಾರೂ ದಾನವಾಗಿ ಕೊಟ್ಟದ್ದಲ್ಲ. ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ಜನ ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ ದುಡಿಯುತ್ತಿದ್ದ ಕಾಲದಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಎಂಬುವರು, ಜ್ಯೋತಿಬಾ ಫುಲೆಯವರ ಒಡನಾಡಿ, 1884ರಲ್ಲಿ ಕೂಲಿಕಾರರನ್ನು ಸೇರಿಸಿ ವಾರಕ್ಕೊಂದು ದಿನ ರಜೆ ಬೇಕೆಂದು ಕೇಳಿದರು. ಗಿರಣಿ ಮಾಲೀಕರು ಒಪ್ಪಿದ್ದು 1890ರ ಜೂನ್‌ನಲ್ಲಿ. ಒಂದು ಭಾನುವಾರಕ್ಕಾಗಿ ಆರು ವರ್ಷ ಹಿಡಿಯಿತು. ಆಮೇಲೆ ಗಂಟೆಗಳ ಲೆಕ್ಕ ಶುರುವಾಯಿತು. 1922ರಲ್ಲಿ ಕಾರ್ಖಾನೆಗಳಿಗೆ ವಾರಕ್ಕೆ 60 ಗಂಟೆ ಎಂದಾಯಿತು, 1934ರ ಕಾಯ್ದೆಯಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ 54. ಡಾ. ಅಂಬೇಡ್ಕರ್ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದಾಗ ತಂದ ತಿದ್ದುಪಡಿಯಿಂದ 1946ರಲ್ಲಿ ಅದು 48ಕ್ಕೆ ಇಳಿಯಿತು. ಸಂವಿಧಾನ ಬರೆದವರು ಎಂದು ನಾವು ಪ್ರತಿ ವರ್ಷ ಹೂವು ಹಾಕುತ್ತೇವೆ. ದಿನಕ್ಕೆ ಎಂಟು ಗಂಟೆ ಎಂಬ ಮಿತಿಯ ಹಿಂದೆಯೂ ಅವರ ಕೈ ಇದೆ ಎಂದು ನನಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ.

ಆ 48 ಇವತ್ತಿಗೂ 48 ಆಗಿಯೇ ನಿಂತಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ವಾರದ ಮಿತಿ ಅಷ್ಟೇ. ಸುಮಾರು ಎಂಬತ್ತು ವರ್ಷ! ಅಷ್ಟರಲ್ಲಿ ಲ್ಯಾಂಡ್‌ಲೈನ್ ಬಂತು, ಹೋಯಿತು, ಕಂಪ್ಯೂಟರ್ ಬಂತು, ಮೊಬೈಲ್ ಬಂತು. ಒಬ್ಬ ಮನುಷ್ಯ ಒಂದು ಗಂಟೆಯಲ್ಲಿ ಮಾಡುವ ಕೆಲಸ ಎಷ್ಟೋ ಪಟ್ಟು ಹೆಚ್ಚಿತು. ಗಂಟೆ ಮಾತ್ರ ಇಳಿಯಲಿಲ್ಲ. ಈಚೆಗೆ ಏರಿಸಬೇಕೆಂಬ ಮಾತೂ ಬಂದಿದೆ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು 90 ಗಂಟೆ, ಭಾನುವಾರವೂ ಕೆಲಸ ಎಂದ ಮಾತು ಹೊರಬಂತು. ನಡುವೆ 2024ರ ಜುಲೈನಲ್ಲಿ ನಮ್ಮ ರಾಜ್ಯದಲ್ಲೇ ಒಂದು ಪ್ರಸ್ತಾವ ಬಂದಿತ್ತು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು ಐ.ಟಿ. ನೌಕರರನ್ನು ದಿನಕ್ಕೆ 12 ಗಂಟೆ ಮೀರಿ ದುಡಿಸಲು ಅವಕಾಶ ಕೊಡುವುದು. ಹದಿನಾಲ್ಕು ಗಂಟೆ ಎಂದು ಪತ್ರಿಕೆಗಳಲ್ಲಿ ಬಂತು. ಐ.ಟಿ. ನೌಕರರ ಸಂಘ ಬೀದಿಗಿಳಿಯಿತು. ಒತ್ತಡ ಉದ್ಯಮದ ಕಡೆಯಿಂದ ಬಂದಿದೆ ಎಂದು ಕಾರ್ಮಿಕ ಸಚಿವರು ಹೇಳಿದರು, ನಾವು ಕೇಳೇ ಇಲ್ಲ ಎಂದು ಉದ್ಯಮದ ಸಂಘಟನೆ ನಾಸ್‌ಕಾಂ ಹೇಳಿತು. ಮರುವರ್ಷ ಜೂನ್‌ನಲ್ಲಿ ಒಂಬತ್ತು ಗಂಟೆಯ ದಿನವನ್ನು ಹತ್ತು ಮಾಡುವ ಇನ್ನೊಂದು ಪ್ರಸ್ತಾವ.

ಅವತ್ತು ಹದಿನಾಲ್ಕು ಗಂಟೆಯ ಸುದ್ದಿ ಟಿ.ವಿ.ಯಲ್ಲಿ ಬಂದಾಗ ನಮ್ಮಪ್ಪ ಫೋನ್ ಮಾಡಿದ್ದರು. "ಏನೋ, ನಿಮಗೆ ಹದಿನಾಲ್ಕು ಗಂಟೆ ಮಾಡ್ತಾರಂತೆ?" ನಾನು, "ಈಗಲೂ ಹೆಚ್ಚು ಕಮ್ಮಿ ಅಷ್ಟೇ ಆಗುತ್ತಪ್ಪ, ಕಾಗದದ ಮೇಲೆ ಇರಲಿಲ್ಲ" ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಸುಲಿಯೋರು ಹನ್ನೆರಡು ಗಂಟೆ ಮೇಲೆ ಕಾಯಿ ಮುಟ್ಟಲ್ಲ ಕಣೋ" ಎಂದರು.

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಿಮಗೆಲ್ಲ ಗೊತ್ತು, ನೆಲಕ್ಕೆ ನೆಟ್ಟ ಚೂಪಾದ ಹಾರೆಗೆ ಕಾಯಿ ಕುಕ್ಕಿ ಸಿಪ್ಪೆ ಬಿಡಿಸುವ ಕೆಲಸ. ಬೆಳಗಿನ ಜಾವ ಐದಕ್ಕೆ ಶುರು ಮಾಡುತ್ತಾರೆ. ಸಾವಿರಕ್ಕೆ ಇಷ್ಟು ಎಂದು ಕೂಲಿ, ಆದ್ದರಿಂದ ಹೆಚ್ಚು ಸುಲಿದರೆ ಹೆಚ್ಚು ದುಡ್ಡು. ಆದರೂ ಮಧ್ಯಾಹ್ನದ ಹೊತ್ತಿಗೆ ನಿಲ್ಲಿಸುತ್ತಾರೆ. ಯಾಕೆಂದರೆ ಕೈ ಸೋತ ಮೇಲೆ ಕಾಯಿ ಜಾರುತ್ತದೆ, ಹಾರೆ ಅಂಗೈಗೆ ಬರುತ್ತದೆ. ಆಸೆಬಿದ್ದು ಇನ್ನು ಐವತ್ತು ಕಾಯಿ ಎಂದು ಕೂತವರ ಕೈ ಮೇಲಿನ ಗಾಯದ ಗುರುತು ನಾನೂ ನೋಡಿದ್ದೇನೆ.

ಕಂಪ್ಯೂಟರಿನ ಮುಂದೆ ಕೂತವನ ಕೈ ಕೊಯ್ಯುವುದಿಲ್ಲ. ಅದೇ ತೊಂದರೆ. ರಾತ್ರಿ ಹನ್ನೊಂದರ ಮೇಲೆ ನಾನು ಬರೆದ ಪ್ರೋಗ್ರಾಮಿನಲ್ಲಿ ಎಷ್ಟು ತಪ್ಪಿರುತ್ತದೆ ಎಂದು ನನಗೆ ಗೊತ್ತಾಗುವುದು ಮಾರನೆಯ ದಿನ. ಅದನ್ನು ಸರಿಪಡಿಸಲು ಅರ್ಧ ದಿನ ಬೇಕು. ಆ ಅರ್ಧ ದಿನವನ್ನೂ ದುಡಿದ ಗಂಟೆ ಎಂದೇ ಲೆಕ್ಕ ಹಾಕುತ್ತಾರೆ! ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ದಾಖಲೆಗಳನ್ನು ಜಾನ್ ಪೆಂಕಾವೆಲ್ ಎಂಬ ಅರ್ಥಶಾಸ್ತ್ರಜ್ಞರು ನೂರು ವರ್ಷದ ಮೇಲೆ ಕೂತು ಲೆಕ್ಕ ಹಾಕಿದರು. ವಾರಕ್ಕೆ ಐವತ್ತು ಗಂಟೆಯ ಹತ್ತಿರ ಬಂದ ಮೇಲೆ ಗಂಟೆಗೆ ಸಿಗುವ ಕೆಲಸ ಇಳಿಯುತ್ತಾ ಹೋಗುತ್ತದೆ. 70 ಗಂಟೆ ದುಡಿದವರು ತಯಾರಿಸಿದ್ದಕ್ಕೂ 56 ಗಂಟೆ ದುಡಿದವರು ತಯಾರಿಸಿದ್ದಕ್ಕೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಇನ್ನು ಮೈಯ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದ್ದು: ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು.

ಹಾಗಾದರೆ ವಾರಕ್ಕೆ ನಾಲ್ಕೇ ದಿನ ಕೆಲಸ ಮಾಡಿದರೆ? ಕೇಳಲು ಚೆನ್ನಾಗಿದೆ. ಐಸ್‌ಲ್ಯಾಂಡ್‌ನಲ್ಲಿ 2015ರಿಂದ 2019ರವರೆಗೆ ಎರಡೂವರೆ ಸಾವಿರಕ್ಕೂ ಹೆಚ್ಚು ಜನರ ಮೇಲೆ, ಸಂಬಳ ಕಡಿಮೆ ಮಾಡದೆ 40 ಗಂಟೆಯನ್ನು 35-36ಕ್ಕೆ ಇಳಿಸಿ ನೋಡಿದರು. ಬ್ರಿಟನ್ನಿನಲ್ಲಿ 2022ರಲ್ಲಿ 61 ಸಂಸ್ಥೆಗಳು ಆರು ತಿಂಗಳು ಇಂಥದ್ದೇ ಪ್ರಯೋಗ ಮಾಡಿದವು, 56 ಸಂಸ್ಥೆಗಳು ಮುಂದುವರಿಸುತ್ತೇವೆ ಎಂದವು. ಅಲ್ಲಿನ ಸುದ್ದಿ ಇಲ್ಲಿಗೆಷ್ಟು ಹೊಂದುತ್ತದೆ ಎಂಬ ಅನುಮಾನ ನನಗೂ ಇತ್ತು. ಆಮೇಲೆ ಅದು ನಮ್ಮ ಆಫೀಸಿಗೇ ಬಂತು.

ಎರಡು ಬೇಸಿಗೆಯ ಹಿಂದೆ, ಮೂರು ತಿಂಗಳ ಪ್ರಯೋಗ. ಆಗ ನಾನು ಕೆಲಸ ಮಾಡುತ್ತಿದ್ದ ಕಂಪನಿಯ ಹೆಸರು ಬೇಡ. ನಮ್ಮ ವಿಭಾಗಕ್ಕೆ ಶುಕ್ರವಾರ ರಜೆ, ಸಂಬಳ ಅಷ್ಟೇ. ನಾನು ಗುರುವಾರ ರಾತ್ರಿಯೇ ರೈಲು ಹತ್ತಿ ತಿಪಟೂರಿನಲ್ಲಿ ಇಳಿಯುತ್ತಿದ್ದೆ. ಮೊದಲನೆಯ ತಿಂಗಳು ಹಬ್ಬ. ವಾರಕ್ಕೆ ಹನ್ನೊಂದು ಮೀಟಿಂಗ್ ಇದ್ದದ್ದು ನಾಲ್ಕಕ್ಕೆ ಇಳಿಯಿತು, ಉಳಿದ ಏಳು ಯಾಕಿದ್ದವು ಎಂದು ಯಾರಿಗೂ ನೆನಪಾಗಲಿಲ್ಲ. ಕೆಲಸ ನಿಲ್ಲಲಿಲ್ಲ.

ಆ ತಿಂಗಳಲ್ಲಿ ನನಗೆ ಒಂದು ವಿಷಯ ಅರ್ಥವಾಯಿತು. ನಮಗೆ ಸಿಗುವ ಶನಿವಾರ ಭಾನುವಾರ ಊರಿನ ಕೆಲಸಕ್ಕೆ ಅಷ್ಟಾಗಿ ಒದಗುವುದಿಲ್ಲ. ನಮ್ಮ ಮೂರೂ ತಾಲ್ಲೂಕಿನಿಂದ ಬೆಂಗಳೂರಿಗೆ ಹೋದವರೆಲ್ಲ ವಾರದ ಕೊನೆಯ ರೈತರು. ಭಾನುವಾರ ಸಂಜೆ ತಿಪಟೂರು ಸ್ಟೇಷನ್ನಿನಲ್ಲಿ ನಿಂತು ನೋಡಿ, ಒಂದು ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗು, ಇನ್ನೊಂದು ಕೈಯಲ್ಲಿ ಕಾಯಿ ಚೀಲ. ಆದರೆ ಬ್ಯಾಂಕಿಗೆ ಹೋಗೋಣ ಎಂದರೆ ಎರಡನೇ, ನಾಲ್ಕನೇ ಶನಿವಾರ ರಜೆ. ತಾಲ್ಲೂಕು ಕಚೇರಿಗೂ ಅದೇ. ನಾಲ್ಕನೇ ಶನಿವಾರವನ್ನು ಸರ್ಕಾರಿ ನೌಕರರಿಗೆ 2019ರಲ್ಲಿ ಕೊಟ್ಟರು, ಕೊಡುವಾಗ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿದರು ಎಂಬುದು ಇಲ್ಲಿರುವ ಮೇಷ್ಟ್ರುಗಳಿಗೆ ಚೆನ್ನಾಗಿ ನೆನಪಿರುತ್ತದೆ. ತಾತನ ಹೆಸರಿನಲ್ಲಿದ್ದ ಜಮೀನಿನ ಪೌತಿ ಖಾತೆ ನಮ್ಮದು ನಾಲ್ಕು ವರ್ಷದಿಂದ ಬಾಕಿ ಇತ್ತು. ಅಪ್ಪನಿಗೆ ಕಚೇರಿಯ ಮೆಟ್ಟಿಲು ಹತ್ತಿ ಇಳಿಯುವುದು ಆಗುವುದಿಲ್ಲ, ನನಗೆ ವಾರದ ದಿನ ರಜೆ ಸಿಗುವುದಿಲ್ಲ. ಆ ಮೂರು ಶುಕ್ರವಾರದಲ್ಲಿ ಅರ್ಜಿ, ವಂಶವೃಕ್ಷ, ಸಹಿ ಎಲ್ಲ ಮುಗಿಯಿತು. ಎಲ್ಲರಿಗೂ ಒಂದೇ ದಿನ ರಜೆ ಕೊಡುವುದಕ್ಕಿಂತ ಬೇರೆ ಬೇರೆಯವರಿಗೆ ಬೇರೆ ಬೇರೆ ದಿನ ಕೊಡುವುದು ಲೇಸು ಎಂದು ನನಗೆ ಅನಿಸಿದ್ದು ಆಗ. ನಮ್ಮ ಹಿರಿಯರು ಸಂತೆಗಳನ್ನು ಊರಿಗೊಂದು ದಿನ ಎಂದು ಹಂಚಿದ್ದು ಸುಮ್ಮನೆ ಅಲ್ಲ.

ಅಪ್ಪನ ಜೊತೆ ಅಟ್ಟ ಹತ್ತಿದ್ದೂ ಆವಾಗಲೇ, ಎಷ್ಟೋ ವರ್ಷದ ಮೇಲೆ. ಪಟ್ಟಣದ ಅತಿಥಿಗಳು ಇಲ್ಲಿ ಇರುವುದರಿಂದ ಹೇಳುತ್ತೇನೆ. ನಮ್ಮ ಉಂಡೆ ಕೊಬ್ಬರಿ ಬಿಸಿಲಲ್ಲಿ ಒಣಗಿಸಿದ್ದಲ್ಲ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಡುತ್ತದೆ. ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಹೊಂಬಾಳೆ ಬಿರಿದದ್ದರಿಂದ ಲೆಕ್ಕ ಹಾಕಿದರೆ ಒಂದು ಕೊಬ್ಬರಿಗೆ ಎರಡು ವರ್ಷ. ಯಾರು ಎಷ್ಟು ಗಂಟೆ ಅಟ್ಟದ ಕೆಳಗೆ ಕೂತರೂ ಅದು ಬೇಗ ಆಗುವುದಿಲ್ಲ. 2023ರಲ್ಲಿ ಬೆಲೆ ಬಿದ್ದು ಬೆಂಬಲ ಬೆಲೆಗಾಗಿ ಧರಣಿ ಕೂತಾಗಲೂ ಅಪ್ಪ ಇಷ್ಟೇ ದುಡಿದಿದ್ದರು, 2025ರಲ್ಲಿ ಕ್ವಿಂಟಾಲಿಗೆ 25,000 ದಾಟಿದಾಗಲೂ ಇಷ್ಟೇ ದುಡಿದಿದ್ದರು. ಹೆಚ್ಚು ಗಂಟೆ ದುಡಿದರೆ ದೇಶ ಉದ್ಧಾರ ಎನ್ನುವವರು ಒಂದು ಸಲ ನಮ್ಮ ಮಾರುಕಟ್ಟೆಗೆ ಬಂದು ನೋಡಬೇಕು.

ಈಗ ಪ್ರಯೋಗದ ಇನ್ನೊಂದು ಮಗ್ಗುಲು.

ಮೂರನೆಯ ತಿಂಗಳು ಕೆಲಸದ ಒತ್ತಡ ಬಂತು. ದಿನ ಕಡಿಮೆ ಮಾಡಿದ್ದರು, ಕೆಲಸ ಕಡಿಮೆ ಮಾಡಿರಲಿಲ್ಲ. ಗುರುವಾರ ರಾತ್ರಿ ಹನ್ನೆರಡಾಯಿತು. ಶುಕ್ರವಾರ ಬೆಳಗ್ಗೆ, "ಒಂದೇ ಒಂದು ಕಾಲ್, ಹತ್ತು ನಿಮಿಷ" ಎಂದು ಫೋನ್. ನಾನು ನಮ್ಮ ಮನೆಯ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾತಾಡುತ್ತಿದ್ದೆ. ಅಪ್ಪ ಗಾಡಿಯಿಂದ ಕಾಯಿ ಇಳಿಸುತ್ತಿದ್ದರು. ಹತ್ತು ನಿಮಿಷ ಎರಡು ಗಂಟೆಯಾಯಿತು. ಅವರು ಪೂರ್ತಿ ಗಾಡಿ ಇಳಿಸಿ ಕೈ ತೊಳೆದು ಬಂದು, "ಇದು ರಜಾನಾ?" ಎಂದು ಕೇಳಿದರು. ಬೈಯಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು. ನಾಲ್ಕು ದಿನಕ್ಕೆ ಐದು ದಿನದ ಕೆಲಸ ತುರುಕಿದರೆ ಅದು ಕಡಿಮೆ ವಾರವಾಗುವುದಿಲ್ಲ. ನಮ್ಮ ರಾಜ್ಯದ ಕಾರ್ಖಾನೆಗಳಿಗೆ 2023ರ ಫೆಬ್ರವರಿಯಲ್ಲಿ ಒಪ್ಪಿಗೆಯಾದ ತಿದ್ದುಪಡಿಯ ಬಗ್ಗೆ ನನಗಿರುವ ಅಳುಕು ಇದೇ. ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆ ದುಡಿಸಬಹುದು. ನಾಲ್ಕು ಹನ್ನೆರಡಲ ನಲವತ್ತೆಂಟು, ಮೂರು ದಿನ ಬಿಡುವು, ಮಗ್ಗಿ ಸರಿಯಾಗಿದೆ. ಆದರೆ ವಸಂತನರಸಾಪುರದ ಫ್ಯಾಕ್ಟರಿಗೆ ಹೋಗಿ ಬರುವ ನಮ್ಮ ಹುಡುಗಿಯರು ಬಸ್ಸಿನ ಎರಡು ಮೂರು ಗಂಟೆ ಸೇರಿಸಿದರೆ ಹದಿನೈದು ಗಂಟೆ ಮನೆಯ ಹೊರಗೆ. ಹತ್ತನೆಯ ಗಂಟೆಯಲ್ಲಿ ಮಿಷನ್ನಿನ ಮುಂದಿರುವ ಕೈ, ಮಧ್ಯಾಹ್ನದ ಮೇಲೆ ಹಾರೆಯ ಮುಂದಿರುವ ಕೈಯೇ.

ಇದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಹೇಳಲು ನನಗೆ ಸ್ವಲ್ಪ ನಾಚಿಕೆ. ನಮ್ಮ ಮಹಡಿಯನ್ನು ಗುಡಿಸಿ ಒರೆಸುವ ಒಬ್ಬ ಅಕ್ಕ ಇದ್ದರು, ಪಾವಗಡದ ಕಡೆಯವರು. ನಮ್ಮ ಜಿಲ್ಲೆಯವರು ಎಂದು ದಿನಾ ಒಂದು ಮಾತು ಆಡುತ್ತಿದ್ದೆವು. ಎರಡನೆಯ ತಿಂಗಳ ಕೊನೆಯಲ್ಲಿ ಒಂದು ದಿನ ನಾನು ಖುಷಿಯಲ್ಲಿ, "ಏನಕ್ಕ, ನಿಮಗೂ ಶುಕ್ರವಾರ ರಜ ಅಲ್ವಾ, ಊರಿಗೆ ಹೋಗಿದ್ರಾ?" ಎಂದೆ. ಅವರು ಕೆಲಸ ನಿಲ್ಲಿಸದೆ, "ನಿಮಗೆ ರಜ ಸಾರ್, ನಮಗೆ ಕಟ್ಟು" ಎಂದರು. ಮಹಡಿ ಮುಚ್ಚಿರುವ ದಿನ ಕೆಲಸವಿಲ್ಲ, ಕೆಲಸವಿಲ್ಲದ ದಿನಕ್ಕೆ ಕೂಲಿ ಇಲ್ಲ. ಅವರು ಕಂಪನಿಯವರಲ್ಲ, ಗುತ್ತಿಗೆ ಏಜೆನ್ಸಿಯವರು. ತಿಂಗಳಿಗೆ ನಾಲ್ಕು ದಿನದ ಸಂಬಳ ಹೋಗಿತ್ತು. ಎರಡು ತಿಂಗಳಿಗೆ ಎಂಟು. ಮಗಳ ಹಾಸ್ಟೆಲ್ ಫೀಸಿಗೆ ಕೈಸಾಲ ಮಾಡಿದ್ದರು.

ನಾನು ಮೇಲಿನವರಿಗೆ ಹೇಳಿದೆ. ಅದು ಏಜೆನ್ಸಿಗೆ ಸಂಬಂಧಿಸಿದ್ದು ಎಂದರು. ಒಂದು ಇ-ಮೇಲ್ ಕಳಿಸಿದೆ, ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ನಾನು ಅಲ್ಲಿಗೆ ಬಿಟ್ಟೆ. ಮತ್ತೆ ಕೇಳಲಿಲ್ಲ. ನನ್ನ ಶುಕ್ರವಾರ ಹೋದೀತು ಎಂಬ ಹೆದರಿಕೆ ಎಲ್ಲೋ ಒಳಗೆ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಮೂರು ತಿಂಗಳಾದ ಮೇಲೆ, ಗ್ರಾಹಕರಿಗೆ ಅನುಕೂಲವಾಗುತ್ತಿಲ್ಲ ಎಂದು ಪ್ರಯೋಗ ನಿಲ್ಲಿಸಿದರು. ಅವತ್ತು ನಾವೆಲ್ಲ ಮುಖ ಬಾಡಿಸಿಕೊಂಡು ಕೂತಿದ್ದೆವು. ಆ ಅಕ್ಕ ಮಾತ್ರ ನಮ್ಮ ಮೇಜುಗಳನ್ನು ಒರೆಸುತ್ತಾ ನಗುನಗುತ್ತಾ ಇದ್ದರು.

ಆದ್ದರಿಂದ ಕೆಲಸದ ವಾರ ಕಡಿಮೆಯಾಗಬೇಕೇ ಎಂದು ನನ್ನನ್ನು ಕೇಳಿದರೆ, ಆಗಬೇಕು ಎನ್ನುತ್ತೇನೆ. ಆದರೆ ಯಾರ ವಾರ ಎಂಬ ಪ್ರಶ್ನೆ ಮೊದಲು. ತಿಂಗಳ ಸಂಬಳದವನಿಗೆ ಕಡಿಮೆ ದಿನ ಎಂದರೆ ಬಿಡುವು. ದಿನಗೂಲಿಯವನಿಗೆ ಕಡಿಮೆ ದಿನ ಎಂದರೆ ಖಾಲಿ ಜೇಬು. ನಮ್ಮ ತೋಟದಲ್ಲಿ ಕಾಯಿ ಕೆಡವುವವರಿಗೆ ಮರಕ್ಕೆ ಇಷ್ಟು ಎಂದು ಲೆಕ್ಕ. ಅವರಿಗೆ ವಾರಕ್ಕೆ ನಾಲ್ಕೇ ದಿನ ಹತ್ತಿ ಎಂದರೆ ನಗುತ್ತಾರೆ, ಅಥವಾ ಬೈಯುತ್ತಾರೆ. ಅವರಿಗೆ ಬೇಕಾದದ್ದು ಮರದಿಂದ ಬಿದ್ದರೆ ಆಸ್ಪತ್ರೆ ಖರ್ಚು ಯಾರು ಕೊಡುತ್ತಾರೆ ಎಂಬುದಕ್ಕೆ ಉತ್ತರ, ಮತ್ತು ಕೂಲಿ ಹೋಗದ ಒಂದೇ ಒಂದು ದಿನದ ರಜೆ. ಲೋಖಂಡೆಯವರು ಕೇಳಿದ ಆ ಒಂದು ದಿನ ಇನ್ನೂ ಎಷ್ಟೋ ಜನರಿಗೆ ತಲುಪಿಲ್ಲ. ಸೆಕ್ಯುರಿಟಿ ಗಾರ್ಡುಗಳನ್ನು ಕೇಳಿ, ಹೋಟೆಲಿನ ಹುಡುಗರನ್ನು ಕೇಳಿ. ನಾವು ಆಫೀಸಿನವರು ಮೂರನೆಯ ದಿನ ಕೇಳುವಾಗ ಅವರ ಮೊದಲನೆಯ ದಿನವನ್ನೂ ಸೇರಿಸಿ ಕೇಳಬೇಕು, ಗುತ್ತಿಗೆಯವರ ಕೂಲಿ ಕಡಿಯದಂತೆ ಬರೆಸಿಕೊಂಡು ಕೇಳಬೇಕು. ನಾನು ಅವತ್ತು ಅಷ್ಟು ಮಾಡಲಿಲ್ಲ.

ಅವ್ವನ ವಿಚಾರ ಬೇರೆ. ಅವರಿಗೆ ವಾರವೇ ಇಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88. ನಾನು ಶುಕ್ರವಾರ ಊರಿಗೆ ಬಂದರೆ ನನಗೆ ಒಂದು ದಿನ ಹೆಚ್ಚು ಬಿಡುವು, ಅವ್ವನಿಗೆ ಒಂದು ದಿನ ಹೆಚ್ಚು ಅಡುಗೆ. ಮೂರನೆಯ ವಾರ ಅದು ನನಗೆ ಹೊಳೆಯಿತು, ಅದೂ ನನ್ನ ಹೆಂಡತಿ ಹೇಳಿದ ಮೇಲೆ. ಆಮೇಲಿನ ಶುಕ್ರವಾರಗಳಲ್ಲಿ ಪಾತ್ರೆ ನಾನು ತೊಳೆದೆ. "ಬಿಡಪ್ಪ, ಜನ ನೋಡಿದರೆ ಏನಂದಾರು" ಎನ್ನುತ್ತಲೇ ಅವ್ವ ಜಗಲಿಯ ಮೇಲೆ ಹೋಗಿ ಕೂತರು. ಹಾಗೆ ಅವರು ಸುಮ್ಮನೆ ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಶಾಲೆಗೆ ಬರುತ್ತೇನೆ. ಮಕ್ಕಳೇ, ನಿಮಗೂ ವಾರಕ್ಕೆ ನಾಲ್ಕು ದಿನ ಶಾಲೆ ಆಗಲಿ ಎಂದು ನಾನು ಹೇಳುತ್ತೇನೆಂದು ಕಾಯುತ್ತಿದ್ದರೆ ಕ್ಷಮಿಸಿ, ಹೇಳುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುವ ಮನೆಯ ಮಗುವಿಗೆ ಶಾಲೆಯ ದಿನ ಎಂದರೆ ಪಾಠವೂ ಹೌದು, ಬಿಸಿಯೂಟವೂ ಹೌದು, ಯಾರೋ ಕಣ್ಣಿಟ್ಟಿರುತ್ತಾರೆ ಎಂಬ ಧೈರ್ಯವೂ ಹೌದು. ಅದನ್ನು ಕಡಿಮೆ ಮಾಡಿದರೆ ನಷ್ಟವಾಗುವುದು ಅಂಥ ಮಗುವಿಗೇ. ಮೇಷ್ಟ್ರುಗಳ ವಾರದ ಬಗ್ಗೆ ಮಾತ್ರ ನನಗೆ ತಕರಾರಿದೆ. 2025ರ ದಸರಾ ರಜೆಯಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆಂದು ಮೊಬೈಲ್ ಹಿಡಿದು ಮನೆ ಮನೆ ತಿರುಗಿದವರು ಇವರೇ. ಚುನಾವಣೆ ಬಂದರೆ ಇವರೇ, ಸಂಜೆ ಮನೆಗೆ ಹೋದ ಮೇಲೆ ಆನ್‌ಲೈನ್‌ನಲ್ಲಿ ಮಾಹಿತಿ ತುಂಬುವವರೂ ಇವರೇ. ಬೇಸಿಗೆ ರಜೆ, ದಸರಾ ರಜೆ ಎಂದು ಊರವರು ಚೇಷ್ಟೆ ಮಾಡುತ್ತೇವೆ. ಒಂದು ವರ್ಷ ಇವರ ಗಂಟೆಗಳನ್ನು ಯಾರಾದರೂ ಬರೆದಿಟ್ಟರೆ ಆ ಚೇಷ್ಟೆ ನಿಲ್ಲುತ್ತದೆ.

ನಮ್ಮ ಕಾಲದಲ್ಲಿ ಶನಿವಾರ ಬೆಳಗಿನ ಶಾಲೆ. ಬಿಳಿ ಯೂನಿಫಾರ್ಮು, ಸಾಮೂಹಿಕ ಕವಾಯತು, ಮೂರು ಪಿರಿಯಡ್ಡು, ಆಮೇಲೆ ಬಿಟ್ಟುಬಿಡುತ್ತಿದ್ದರು. ಆ ಅರ್ಧ ದಿನದಲ್ಲೇ ನಮ್ಮ ಗಣಿತದ ಮೇಷ್ಟ್ರು, ಗಂಟೆ ಹೊಡೆದ ಮೇಲೂ, ಬೇಕಾದವರು ಕೂರಿ ಎಂದು ನಾಲ್ಕೈದು ಜನರನ್ನು ಕೂರಿಸಿಕೊಂಡು ರೇಖಾಗಣಿತ ಹೇಳಿಕೊಡುತ್ತಿದ್ದರು. ಅವರು ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ನಾನು ಬಿ.ಇ. ಓದಿದ್ದು ಅವರ ಶನಿವಾರಗಳಿಂದ. ಅದಕ್ಕೆ ಅವರಿಗೆ ಯಾರೂ ಓವರ್‌ಟೈಮ್ ಕೊಡಲಿಲ್ಲ. ಸಾರ್, ನಿಮ್ಮ ಮನೆಯವರು ಅವತ್ತು ಊಟಕ್ಕೆ ಎಷ್ಟು ಹೊತ್ತು ಕಾಯುತ್ತಿದ್ದರು ಎಂದು ನಾನು ಯೋಚಿಸಿದ್ದು ನನಗೆ ಮದುವೆಯಾದ ಮೇಲೆ.

ಈಗ ಇರುವ ಕಂಪನಿಯಲ್ಲಿ ನನಗೆ ಐದೇ ದಿನದ ವಾರ. ಶುಕ್ರವಾರ ಸಿಗುವುದಿಲ್ಲ, ಶನಿವಾರ ಇದೆ. ಶಾಲೆಯ ಕಂಪ್ಯೂಟರ್ ಕೊಠಡಿಯನ್ನು ಬೆಳಗ್ಗೆ ನೋಡಿದೆ. ಆರು ಕಂಪ್ಯೂಟರಿನಲ್ಲಿ ಎರಡು ಆನ್ ಆಗುತ್ತವೆ, ಉಳಿದ ನಾಲ್ಕರಲ್ಲಿ ಮೂರನ್ನು ನಾನು ಸರಿಮಾಡಬಲ್ಲೆ ಎಂದು ಕಾಣುತ್ತದೆ. ತಿಂಗಳಿಗೆ ಎರಡು ಶನಿವಾರ ಬರುತ್ತೇನೆ. ನಮ್ಮ ತಂಡದ ಇನ್ನಿಬ್ಬರು ಉಳಿದೆರಡು ಶನಿವಾರ ಒಪ್ಪಿಕೊಂಡಿದ್ದಾರೆ. ಬೆಳಗಿನ ಶಾಲೆ ಮುಗಿದ ಮೇಲೆ ಒಂದೂವರೆ ಗಂಟೆ, ಬೇಕಾದವರು ಕೂರಬಹುದು. ಒಂದೇ ಒಂದು ಕೋರಿಕೆ, ಮುಖ್ಯೋಪಾಧ್ಯಾಯರೇ. ನಮಗಾಗಿ ಯಾವ ಮೇಷ್ಟ್ರನ್ನೂ ಮೇಡಂ ಅವರನ್ನೂ ಶನಿವಾರ ಮಧ್ಯಾಹ್ನ ನಿಲ್ಲಿಸಿಕೊಳ್ಳಬೇಡಿ. ಕೊಠಡಿಯ ಬೀಗದ ಕೈ ಒಂದು ನಮ್ಮ ಹತ್ತಿರ ಇರಲಿ.